ಎಣ್ಣೆಯಿಲ್ಲದ ಎಣ್ಣೆ ಡಬ್ಬಿ

ಹೋದ ತಿಂಗಳು ಪುಣೆಯ ಕಾತ್ರಜದ ಹತ್ತಿರ ಹೊಸದಾಗಿ ತೆರೆದ ಒಂದು ಹೋಟೆಲಿನ ಅಡುಗೆಮನೆ ನೋಡಲು ಹೋಗಿದ್ದೆ. ಮಗಳ ಜೊತೆ ಕೆಲಸ ಮಾಡುತ್ತಿದ್ದ ನಿಖಿಲ್ ಎಂಬಾತ ಕಂಪನಿಯ ನೌಕರಿ ಬಿಟ್ಟು ಉತ್ತರ ಕರ್ನಾಟಕದ ಊಟದ ಹೋಟೆಲು ಹಾಕಿದ್ದಾನೆ. ಅವನು ಮೈಸೂರಿನವನು. ಜೋಳದ ರೊಟ್ಟಿಯನ್ನು ಮೊದಲ ಸಲ ತಿಂದದ್ದೇ ಪುಣೆಗೆ ಬಂದ ಮೇಲಂತೆ. ನಾನು ಹತ್ತೊಂಬತ್ತು ವರ್ಷ ಖಾನಾವಳಿ ನಡೆಸಿದವಳು ಎಂದು ಮಗಳು ಹೇಳಿದ್ದರಿಂದ, ಒಮ್ಮೆ ಬಂದು ನೋಡಿ ಹೇಳಿ ಆಂಟಿ ಎಂದು ಕರೆದಿದ್ದ.

ಎಲ್ಲವನ್ನೂ ತೋರಿಸಿದ. ಒಲೆ, ಹೊಗೆ ಎಳೆಯುವ ಚಿಮಣಿ, ತರಕಾರಿ ಇಡುವ ಕಪಾಟು. ಕಟ್ಟಡದ ಮಾಲೀಕರು, ಒಬ್ಬ ಮರಾಠಿ ಹಿರಿಯರು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಕೊನೆಗೆ ನಿಖಿಲ್ ಗೋಡೆಯ ಬುಡದಲ್ಲಿದ್ದ ಸ್ಟೀಲಿನ ಡಬ್ಬಿಯ ಹತ್ತಿರ ಕೂತು ಮುಚ್ಚಳ ಎತ್ತಿದ.

"ಇದೇ ಗ್ರೀಸ್ ಟ್ರ್ಯಾಪ್ ಆಂಟಿ. ಲೈಸೆನ್ಸಿಗೆ ಕಂಪಲ್ಸರಿ ಅಲ್ವಾ, ಹಾಕಿಸಿದೀನಿ. ಮೂರು ತಿಂಗಳಾಯ್ತು, ನೋಡಿ ಎಷ್ಟು ಕ್ಲೀನಾಗಿದೆ."

ಬಗ್ಗಿ ನೋಡಿದೆ. ತಿಳಿನೀರು. ನನ್ನ ಮುಖ ಕಾಣುತ್ತಿತ್ತು. ಮೂಗನ್ನು ಹತ್ತಿರ ಒಯ್ದೆ. ಯಾವ ವಾಸನೆಯೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಶಹಬ್ಬಾಸ್ ಅನ್ನುತ್ತಿದ್ದರು. ನನಗೆ ಮಾತ್ರ ಸಿಟ್ಟು ಬಂತು, ಮತ್ತು ಏಳೆಂಟು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ಎದುರು ಬಂದು ನಿಂತಿತು.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹೋಟೆಲಿನಲ್ಲಿ ಮುಸುರೆ ಪಾತ್ರೆ ತೊಳೆದ ನೀರಿನಲ್ಲಿ ಎಣ್ಣೆ ಇರುತ್ತದೆ. ಆ ನೀರು ನೇರವಾಗಿ ಪೈಪಿಗೆ ಹೋದರೆ ಎಣ್ಣೆ ಒಳಗೆ ಹೆಪ್ಪುಗಟ್ಟಿ ಸಾಬೂನಿನಂತೆ ಗಟ್ಟಿಯಾಗುತ್ತದೆ, ಒಂದು ದಿನ ಊರಿನ ಹೊಲಸೆಲ್ಲ ಯಾರದೋ ಮನೆಯೊಳಗೆ ಉಕ್ಕುತ್ತದೆ. ಅದಕ್ಕೇ ಈ ಡಬ್ಬಿ. ನೀರು ಇದರಲ್ಲಿ ಬಂದು ನಿಧಾನವಾಗಿ ನಿಲ್ಲುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಅನ್ನದ ಅಗುಳು ತಳಕ್ಕೆ ಕೂರುತ್ತದೆ, ನಡುವಿನ ನೀರು ಮಾತ್ರ ಆಚೆ ಹೋಗುತ್ತದೆ. ತೇಲಿದ ಜಿಡ್ಡನ್ನು ನಾವು ಕೈಯಾರೆ ಬಳಿದು ತೆಗೆಯಬೇಕು. ಅಂದರೆ ಈ ಡಬ್ಬಿ ಹೊಲಸಾಗುವುದಕ್ಕೆಂದೇ ಇರುವುದು. ಇಷ್ಟು ಸಣ್ಣ ಮಾತು ತಿಳಿದುಕೊಳ್ಳಲು ನನಗೆ ಒಬ್ಬ ಹೆಂಗಸಿನ ಅನ್ನ ಕಸಿಯಬೇಕಾಯಿತು.

ನಮ್ಮ ಖಾನಾವಳಿ ಇದ್ದದ್ದು ಸಾತಾರಾ ರಸ್ತೆಯ ಒಳಗಲ್ಲಿಯೊಂದರಲ್ಲಿ, ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಕೆಳಗೆ. ಅಣ್ಣ ಗುರುಪಾದ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ, ನಾನು ಒಳಗೆ. ಬೈಲಹೊಂಗಲದ ಕಡೆಯವರು ನಾವು. ರೊಟ್ಟಿ, ಎಣ್ಣೆಗಾಯಿ, ಝುಣಕಾ, ಶೇಂಗಾ ಹಿಂಡಿ, ಮೊಸರು, ಇಷ್ಟೇ. ಅಣ್ಣನಿಗೆ ಸ್ವಚ್ಛತೆಯ ಹುಚ್ಚು. ಆ ಮಳೆಗಾಲದ ಹಿಂದಿನ ದೀಪಾವಳಿಗೆ ಪಾತ್ರೆ ತೊಳೆಯುವ ಮೋರಿಗೆ ಬಿಳಿ ಟೈಲ್ಸ್ ಹಾಕಿಸಿದ್ದ, ಬಂದವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದ. ಊಟಕ್ಕೆ ಬಂದ ಮನುಷ್ಯ ಮೋರಿ ನೋಡಿ ಏನು ಮಾಡಿಯಾನು ಎಂದು ನಾನು ನಗುತ್ತಿದ್ದೆ.

ಬೇಸಿಗೆಯಲ್ಲಿ ಸರಕಾರಿ ಕಾಗದ ಬಂತು. ಗ್ರೀಸ್ ಟ್ರ್ಯಾಪ್ ಇಲ್ಲದಿದ್ದರೆ ಲೈಸೆನ್ಸ್ ಮುಂದುವರಿಯುವುದಿಲ್ಲ. ನಿಯಮದ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಅದು ಸರಿಯಾದ ನಿಯಮ. ಆ ನಿಯಮವನ್ನು ನಾವು ಏನು ಮಾಡಿದೆವು ಎನ್ನುವುದರ ಮೇಲೆ ನನ್ನ ಸಿಟ್ಟು.

ನಾನು ಬದನೆಕಾಯಿ ತರಲು ಮಾರ್ಕೆಟ್ ಯಾರ್ಡಿಗೆ ಹೋಗಿದ್ದ ಒಂದು ದಿನ ಕಂತ್ರಾಟುದಾರ ಬಂದು ಡಬ್ಬಿ ಕೂರಿಸಿ ಹೋಗಿದ್ದ. ಗಿರಾಕಿಗಳು ಕೈ ತೊಳೆಯುವ ಬೇಸಿನ್ನಿಗೂ ಪಾತ್ರೆ ತೊಳೆಯುವ ಮೋರಿಗೂ ನಡುವೆ ಒಂದು ಗೋಡೆ. ಅದರ ಬುಡದಲ್ಲಿ ಡಬ್ಬಿ ಹೊಳೆಯುತ್ತ ಕೂತಿತ್ತು. ಯಾವ ಪೈಪು ಎಲ್ಲಿಂದ ಬಂದು ಅದಕ್ಕೆ ಸೇರಿದೆ ಎನ್ನುವುದು ಗೋಡೆಯೊಳಗಿನ ಮಾತು, ಹೊರಗಿನಿಂದ ಕಾಣುವಂತಿರಲಿಲ್ಲ. ಅಣ್ಣ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿದ. ಹೊಸ ಗಾಡಿ ಬಂದರೆ ಮಾಡುತ್ತೇವಲ್ಲ, ಹಾಗೆ. ಪೂಜೆಯಾದ ಮೇಲೆ ಅದರ ಬಗ್ಗೆ ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ.

ಒಬ್ಬಳನ್ನು ಬಿಟ್ಟು. ನೀಲವ್ವ ನಮ್ಮಲ್ಲಿ ರೊಟ್ಟಿ ಬಡಿಯುವವಳು. ಯಾದಗಿರಿ ಕಡೆಯ ಹೆಂಗಸು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಕಾತ್ರಜದ ಆಚೆಗಿನ ತಗಡಿನ ಶೆಡ್ಡುಗಳಲ್ಲಿ ಮನೆ. ಅವಳ ಕೈಯ ರೊಟ್ಟಿ ಎಂಥದೆಂದರೆ, ಅವಳು ರಜೆ ಹಾಕಿದ ದಿನ ಗಿರಾಕಿಗಳು ಮೊದಲ ತುತ್ತಿಗೇ "ಇವತ್ತ ನೀಲವ್ವ ಬಂದಿಲ್ಲೇನ್ರಿ" ಅನ್ನುತ್ತಿದ್ದರು. ಅವಳದೊಂದು ಪದ್ಧತಿ ಇತ್ತು. ಜೋಳದ ಹಿಟ್ಟು ನಾದಿದ ಪರಾತ ಮತ್ತು ಕೈ ತೊಳೆದ ನೀರು, ಉಳಿದ ಎಸರು, ಇದ್ಯಾವುದನ್ನೂ ಮೋರಿಗೆ ಚೆಲ್ಲುತ್ತಿರಲಿಲ್ಲ. ಹಿಟ್ಟಿನ ನೀರು ದನದ ಬಾಯಿಗೆ ಹೋಗಬೇಕು, ಚರಂಡಿಗಲ್ಲ ಎನ್ನುವುದು ಅವಳ ಊರಿನ ರೂಢಿ. ಗಂಡ ತಂದುಕೊಟ್ಟಿದ್ದ ಬಣ್ಣದ ಖಾಲಿ ಬಕೆಟ್ಟಿನಲ್ಲಿ ಅದನ್ನೆಲ್ಲ ಕೂಡಿಟ್ಟು, ಹಿಂದಿನ ಗಲ್ಲಿಯ ಗವಳಿಯ ಎಮ್ಮೆಗಳಿಗೆ ತಾನೇ ಹೊತ್ತುಕೊಂಡು ಹೋಗಿ ಹಾಕಿ ಬರುತ್ತಿದ್ದಳು. ದಿನಾಲೂ ನಾನು ಕಣ್ಣಾರೆ ನೋಡಿದ್ದು ಇದು.

ಡಬ್ಬಿ ಬಂದ ಎರಡು ವಾರಕ್ಕೆ ನೀಲವ್ವ ಅದರ ಮುಚ್ಚಳ ತೆಗೆದು ನೋಡುತ್ತ ಕೂತಿದ್ದಳು.

"ಅಕ್ಕಾರೆ, ಇದರಾಗ ಎಣ್ಣಿ ಎಲ್ಲದರಿ?"

"ಎಣ್ಣಿ ಇಲ್ಲಂದ್ರ ಚೊಲೋನ ಆತಲ್ಲವಾ. ಚೊಕ್ಕ ಅದ."

"ದಿನಾ ಎರಡು ಬುಟ್ಟಿ ಬದನೀಕಾಯಿ ಎಣ್ಣಿಗಾಯಿ ಮಾಡ್ತೀವ್ರಿ. ಅದರ ಬೋಗಾಣಿ ತೊಳದ ನೀರು ಇದರಾಗ ಬಂದ್ರ ಇದು ಇಷ್ಟು ಚೊಕ್ಕ ಹ್ಯಾಂಗ ಇರ್ತದ?"

ನಾನು ನಕ್ಕೆ. ಹೊಲಸಿದ್ದರೂ ನಿನಗೆ ಚಿಂತೆ, ಇಲ್ಲದಿದ್ದರೂ ಚಿಂತೆ ಎಂದೆ. ಆ ನಗುವನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮುಂದಿನ ವಾರ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಮುಚ್ಚಳ ಎತ್ತಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, "ಏಕದಂ ಸ್ವಚ್ಛ" ಎಂದು ಹೊಗಳಿ, ರೊಟ್ಟಿ ಎಣ್ಣೆಗಾಯಿ ಉಂಡು ಹೋದರು. ನೀಲವ್ವ ಕೇಳಿದ ಪ್ರಶ್ನೆ ಓದಿದ ಸಾಹೇಬರಿಗೆ ಹೊಳೆಯಲಿಲ್ಲ. ಅಣ್ಣ ಅವರು ಕೊಟ್ಟ ತಪಾಸಣೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದ.

ಮಳೆ ಹಿಡಿಯಿತು. ಆ ವರ್ಷ ಹನಿ ಕಡಿಯದ ಮಳೆ. ಪಂಢರಪುರಕ್ಕೆ ಹೊರಟ ಪಾಲಖಿ ಸಾಸವಡದಲ್ಲಿ ತಂಗುವ ದಿನ ಅಣ್ಣ ಪ್ರತಿವರ್ಷ ಅದರ ಜೊತೆ ನಡೆಯುವ ವಾರಕರಿಗಳಿಗೆ ರೊಟ್ಟಿ ಝುಣಕಾ ಕಳಿಸುತ್ತಿದ್ದ. ಅದಕ್ಕಾಗಿ ಎರಡು ದಿನ ಒಲೆ ಆರಲಿಲ್ಲ. ದೊಡ್ಡ ದೊಡ್ಡ ಬೋಗಾಣಿಗಳ ಜಿಡ್ಡು ಬಿಡಬೇಕೆಂದು ಕುದಿಯುವ ನೀರು ಸುರಿದು ತಿಕ್ಕಿಸಿದೆ. ಎಣ್ಣೆ ಕರಗಿ ನೀರಾಗಿ ಮೋರಿಯಲ್ಲಿ ಇಳಿದು ಹೋಯಿತು. ಅದು ಮುಂದೆ ಹೋಗಿ ತಣ್ಣಗಾಗಿ ಎಲ್ಲಿ ಕೂರುತ್ತದೆ ಎಂದು ನಾನು ಯೋಚಿಸಲಿಲ್ಲ. ಡಬ್ಬಿ ಇದೆಯಲ್ಲ, ಪೂಜೆ ಆಗಿದೆಯಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಿಂಭಾಗದ ಮನೆಯ ಬಚ್ಚಲಲ್ಲಿ ಹೊಲಸು ನೀರು ಉಕ್ಕಿತು. ಅಲ್ಲಿದ್ದವರು ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ನರ ತಾಯಿ, ಎಂಬತ್ತು ದಾಟಿದ ಅಜ್ಜಿ. ಆಕೆ ಪೂಜೆಗೆ ಕೂತಿದ್ದಾಗ ಜಿಡ್ಡು ತೇಲುವ ನೀರು ದೇವರ ಗೂಡಿನವರೆಗೆ ಬಂದಿತ್ತು. ಆಕೆಯ ಸಂಕಟ ಸುಳ್ಳಲ್ಲ. ಚೇರ್ಮನ್ನರ ಸಿಟ್ಟೂ ಸುಳ್ಳಲ್ಲ. ಆ ಭಾನುವಾರ ಪಾರ್ಕಿಂಗಿನಲ್ಲಿ ಸಭೆ ಕರೆದರು. ಹದಿನಾರು ಮನೆಗಳವರೂ ಬಂದರು. ಖಾನಾವಳಿಯವರೆಲ್ಲ ಬರಬೇಕು ಎಂದು ಹೇಳಿಕಳಿಸಿದ್ದರಿಂದ ನೀಲವ್ವನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

ಪ್ಲಂಬರ್ ಸರಳು ಹಾಕಿ ಪೈಪಿನಿಂದ ಎಳೆದ ಒಂದು ಗಂಟನ್ನು ಹಳೆ ಪೇಪರಿನ ಮೇಲೆ ಇಟ್ಟಿದ್ದ. ಬೆಳ್ಳಗೆ, ಮೆತ್ತಗೆ, ಮುಷ್ಟಿಯಷ್ಟು. ನಿಮ್ಮ ಎಣ್ಣೆಯೇ ಇದು, ಖಾನಾವಳಿ ಬಂದ್ ಮಾಡಿ ಎಂದರು ಚೇರ್ಮನ್ನರು. ಅಣ್ಣ ನಾಲ್ಕು ಜನರನ್ನು ಒಳಗೆ ಕರೆದುಕೊಂಡು ಹೋಗಿ ಡಬ್ಬಿಯ ಮುಚ್ಚಳ ಎತ್ತಿದ. ತಿಳಿನೀರು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಗೋಡೆಯ ಮೇಲಿನ ಕಾಗದವನ್ನೂ ತೋರಿಸಿದ.

ಹೊರಗೆ ಬಂದು ಆ ಗಂಟನ್ನು ಬೆರಳಿನಿಂದ ಒತ್ತಿ ನೋಡಿ ಅಣ್ಣ ಮರಾಠಿಯಲ್ಲಿ ಹೇಳಿದ: ಇದು ಎಣ್ಣೆಯಲ್ಲ, ಜೋಳದ ಹಿಟ್ಟು. ನಮ್ಮ ರೊಟ್ಟಿಯವಳು ಹಿಟ್ಟಿನ ನೀರು ಮೋರಿಗೆ ಚೆಲ್ಲುತ್ತಾಳೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ನೀಲವ್ವನಿಗೆ ಮರಾಠಿ ಆಡಲು ಬರುತ್ತಿರಲಿಲ್ಲ, ತಿಳಿಯುತ್ತಿತ್ತು. ಒಂದು ಹೆಜ್ಜೆ ಮುಂದೆ ಬಂದಳು.

"ನಾ ಹಿಟ್ಟಿನ ನೀರು ಮೋರಿಗಿ ಹಾಕಲ್ಲರಿ. ಅಕ್ಕಾರಿಗಿ ಗೊತ್ತದ. ಅದು ಹಿಟ್ಟಲ್ಲರಿ, ಎಣ್ಣಿ. ಬೇಕಾದ್ರ ಹಂಚಿನ ಮ್ಯಾಲ ಇಟ್ಟು ನೋಡ್ರಿ. ಹಿಟ್ಟಿದ್ರ ಸುಟ್ಟು ಕರಕ ಆಗ್ತದ, ಎಣ್ಣಿ ಇದ್ರ ಕರಗ್ತದ."

ಇಷ್ಟು ಸರಳ ಪರೀಕ್ಷೆ. ಹಂಚು ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿಸಿಯಾಗಿಯೇ ಇತ್ತು. ಆದರೆ ಅವಳು ಹೇಳಿದ್ದು ಕನ್ನಡದಲ್ಲಿ. ಆ ಪಾರ್ಕಿಂಗಿನಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ, ಅಣ್ಣನಿಗೆ ಮತ್ತು ನನಗೆ.

"ಕಾಯ್ ಮ್ಹಣತೇ ತೀ?" ಏನಂತಾಳೆ ಆಕೆ ಎಂದು ಚೇರ್ಮನ್ನರು ಕೇಳಿದರು.

"ಚೂಕ್ ಝಾಲೀ ಮ್ಹಣತೇ," ಎಂದ ಅಣ್ಣ. ತಪ್ಪಾಯಿತು ಅಂತಾಳೆ.

ಚೂಕ್ ಎಂಬ ಮಾತಿಗೆ ಯಾರೂ ನೀಲವ್ವನಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಅವಳು ಅಣ್ಣನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಿಟ್ಟಲ್ಲ ಅಂದರೆ ಎಣ್ಣೆ ಅಂದಂತಾಯಿತು, ಎಣ್ಣೆ ಅಂದರೆ ಖಾನಾವಳಿಗೆ ಬೀಗ. ಹತ್ತು ಜನರ ಮುಂದೆ ಅಣ್ಣನನ್ನು ಸುಳ್ಳುಗಾರ ಅನ್ನುವುದು ಹೇಗೆ, ಈ ಗಲಾಟೆ ಮುಗಿಯಲಿ, ಆಮೇಲೆ ಒಳಗೆ ಕೂತು ಸರಿ ಮಾಡಿದರಾಯಿತು ಎಂದೆಲ್ಲ ಅಂದುಕೊಂಡೆ. ಅಂದುಕೊಳ್ಳುತ್ತ ನಿಂತಷ್ಟು ಹೊತ್ತಿನಲ್ಲಿ ಆಕೆಯ ಕೆಲಸ ಹೋಯಿತು. ನಾಳೆಯಿಂದ ಈಕೆ ಇರುವುದಿಲ್ಲ ಎಂದು ಅಣ್ಣ ಎಲ್ಲರೆದುರು ಮಾತು ಕೊಟ್ಟ. ಚೇರ್ಮನ್ನರು ತಲೆಯಾಡಿಸಿದರು. ಸಭೆ ಮುಗಿಯಿತು.

ನೀಲವ್ವ ಒಳಗೆ ಬಂದು ತನ್ನ ಬಕೆಟ್ಟು ತೊಳೆದು ಕೈಗೆ ತಗಲಿಸಿಕೊಂಡಳು. ಸಂಬಳದ ಮಾತು ಎತ್ತದೆ ಹೊರಟುಹೋದಳು. ಮಾರನೆಯ ಮಧ್ಯಾಹ್ನ ಗವಳಿ ಹಿಂಬಾಗಿಲಿಗೆ ಬಂದು, ಇವತ್ತು ಎಮ್ಮೆಗೆ ನೀರು ಬಂದಿಲ್ಲವಲ್ಲ ತಾಯಿ ಎಂದು ಕೇಳಿದ. ಇನ್ನು ಬರುವುದಿಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಗಣಪತಿ ಹಬ್ಬಕ್ಕೆ ಇನ್ನೂ ವಾರವಿತ್ತು, ಪೈಪು ಮತ್ತೆ ಕಟ್ಟಿತು. ಈಗ ತಪ್ಪು ಹೊರಿಸಲು ನೀಲವ್ವ ಇರಲಿಲ್ಲ. ಸರಳಿಗೆ ಬಂದ ಗಂಟು ಅಷ್ಟೇ ಬೆಳ್ಳಗೆ, ಅಷ್ಟೇ ಮೆತ್ತಗೆ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಹಂಚಿನ ಮೇಲೆ ಇಟ್ಟೆ. ಕ್ಷಣದಲ್ಲಿ ಕರಗಿ ಹರಿಯಿತು. ಅಡುಗೆಮನೆ ತುಂಬ ನಮ್ಮದೇ ಎಣ್ಣೆಗಾಯಿಯ ಮಸಾಲೆಯ ಕಮಟು ವಾಸನೆ. ಗುರೆಳ್ಳು, ಶೇಂಗಾ, ಬೆಳ್ಳುಳ್ಳಿ. ನನ್ನ ಕೈಯ ಅಳತೆಯ ಮಸಾಲೆ ನನಗೇ ಗುರುತು ಸಿಕ್ಕಿತು.

ಪ್ಲಂಬರನಿಗೆ ಮೋರಿಯ ಬಿಳಿ ಟೈಲ್ಸ್ ಒಡೆ ಎಂದೆ. ಅವನು ಅಣ್ಣನನ್ನು ಕೇಳಬೇಕು ಎಂದ. ನಾನೇ ಸುತ್ತಿಗೆ ತೆಗೆದುಕೊಂಡೆ. ಒಳಗೆ ನೋಡಿದರೆ ಮೋರಿಯ ಪೈಪು ಡಬ್ಬಿಯ ತಂಟೆಗೇ ಹೋಗದೆ ನೇರವಾಗಿ ಹೊರಗಿನ ಚರಂಡಿಯ ಚೇಂಬರಿಗೆ ಹೋಗಿತ್ತು. ಡಬ್ಬಿಗೆ ಸೇರಿದ್ದು ಕೈ ತೊಳೆಯುವ ಬೇಸಿನ್ನಿನ ಪೈಪು ಮಾತ್ರ. ಮೂರು ತಿಂಗಳಿಂದ ನಮ್ಮ ಗ್ರೀಸ್ ಟ್ರ್ಯಾಪು ಗಿರಾಕಿಗಳು ಕೈ ತೊಳೆದ ನೀರನ್ನು ಕಾಯುತ್ತ ಕೂತಿತ್ತು.

ಕಂತ್ರಾಟುದಾರನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ನನ್ನ ಉಸಿರು ಮುಗಿಯುವವರೆಗೆ ಕಾದು ಮರಾಠಿಯಲ್ಲಿ ತಣ್ಣಗೆ ಹೇಳಿದ: ತಾಯಿ, ಮೋರಿಗೆ ಜೋಡಿಸಬೇಕಾದರೆ ಹೊಸ ಟೈಲ್ಸ್ ಒಡೆಯಬೇಕಿತ್ತು. ನಿಮ್ಮ ಅಣ್ಣನೇ ಬೇಡ ಅಂದರು. ಸುಲಭವಾಗಿ ಎಲ್ಲಿ ಬರುತ್ತದೋ ಅಲ್ಲಿ ಜೋಡಿಸು ಅಂದರು. ಕೇಳಿ ಬೇಕಾದರೆ.

ಕೇಳಿದೆ. ಅಣ್ಣ ಗಲ್ಲೆಯ ಮೇಲೆ ಕೂತು ಬಡೇಸೋಪಿನ ಬಟ್ಟಲು ತುಂಬುತ್ತಿದ್ದ.

"ಹೌದು, ನಾನ ಹೇಳಿದ್ದೆ. ದೀಪಾವಳಿಗೆ ಹಾಕಿಸಿದ ಟೈಲ್ಸ್ ಒಡೀಲೇನು?"

"ಹಂಗಾರ ಅವತ್ತ ಅದು ಎಣ್ಣಿ ಅಂತ ನಿನಗ ಗೊತ್ತಿತ್ತು."

"ಶಾರದಾ, ಡಬ್ಬಿ ಇಡಬೇಕು ಅಂತ ಬರದಿದ್ರು. ಇಟ್ಟೀವಿ. ಖಾನಾವಳಿ ಉಳೀತು. ಆಕಿಗೇನು, ರೊಟ್ಟಿ ಬಡಿಯೋ ಕೈ, ಎಲ್ಲಿ ಹೋದ್ರೂ ಕೆಲಸ ಸಿಗ್ತದ."

ಆ ಮಾತು ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ನನ್ನ ಅಣ್ಣ ಕೆಟ್ಟ ಮನುಷ್ಯನಲ್ಲ, ಹಸಿದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ, ವಾರಕರಿಗಳ ಕಾಲಿಗೆ ಬೀಳುವವನು. ಆದರೂ ಟೈಲ್ಸ್ ಉಳಿಸಿಕೊಳ್ಳಲು ಒಬ್ಬ ಹೆಂಗಸಿನ ಹೆಸರನ್ನು ಚರಂಡಿಗೆ ಹಾಕಿದ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ನೀಲವ್ವನನ್ನು ಹುಡುಕಿದೆ. ಶೆಡ್ಡು ಬಿಟ್ಟು ಹೋಗಿದ್ದರು. ಕೊನೆಗೆ ಮಾರ್ಕೆಟ್ ಯಾರ್ಡಿನಲ್ಲಿ, ಈರುಳ್ಳಿ ಗಾಳಿಗೆ ಹಾಕುವ ಜಾಗದ ಹಿಂದೆ, ಕಲಬುರ್ಗಿ ಕಡೆಯ ಹಮಾಲರಿಗೆಂದು ನಡೆಸುತ್ತಿದ್ದ ಒಂದು ಮೆಸ್ಸಿನಲ್ಲಿ ಸಿಕ್ಕಳು. ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅದೇ ಬಕೆಟ್ಟು.

"ಬರ್ರಿ ಅಕ್ಕಾರೆ, ಕುಂದ್ರರಿ," ಎಂದು ನೀರು ಕೊಟ್ಟಳು.

ಎಲ್ಲ ಹೇಳಿದೆ. ಹಂಚಿನ ಮೇಲೆ ಇಟ್ಟದ್ದು, ಟೈಲ್ಸ್ ಒಡೆದದ್ದು, ಅಣ್ಣ ಅಂದದ್ದು. ತಪ್ಪಾಯಿತು, ವಾಪಸ್ ಬಾ ಎಂದೆ. ಅವಳು ಕೈ ನಿಲ್ಲಿಸದೆ ಕೇಳಿದಳು. ಒಂದು ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಮಾತಾಡಿದಳು.

"ಇದೆಲ್ಲ ನನಗ ಅವತ್ತೇ ಗೊತ್ತಿತ್ತರಿ. ಮತ್ತ ನನಗ ಯಾಕ ಹೇಳಲಕ ಬಂದೀರಿ?"

ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

"ಅವತ್ತ ಅಷ್ಟು ಮಂದಿ ಮುಂದ ನನ್ನ ಹೊಲಸ ಹೆಂಗಸು ಮಾಡಿದ್ರಿ. ಈಗ ನನ್ನೊಬ್ಬಾಕಿ ಮುಂದ ಬಂದು ಇಲ್ಲ ಅಂತೀರಿ. ಹೋಗ್ರಿ ಅಕ್ಕಾರೆ, ಅವರ ಮುಂದ ಹೇಳ್ರಿ. ಅವರ ಮಾತಿನಾಗ ಹೇಳ್ರಿ. ನಾ ಅವತ್ತೇ ಬರ್ತೀನಿ."

ಅದೇ ಸಂಜೆ ಚೇರ್ಮನ್ನರ ಬಾಗಿಲಿಗೆ ಹೋದೆ. ಇನ್ನೊಮ್ಮೆ ಸಭೆ ಕರೆಯಿರಿ, ನಾನು ಒಂದು ಮಾತು ಹೇಳಬೇಕಾಗಿದೆ ಎಂದೆ. ಅವರು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು. ಆ ಹೆಂಗಸು ಹೋಗಿಯಾಯಿತು, ಪೈಪು ಸರಿ ಮಾಡಿಸಿದ್ದೀರಿ, ಹಬ್ಬ ಬಂದಿದೆ, ಈಗ ಯಾಕೆ ಕೆದಕುತ್ತೀರಿ, ಬರವಣಿಗೆಯಲ್ಲಿ ಬಂದರೆ ನಿಮ್ಮ ಲೈಸೆನ್ಸಿಗೇ ತೊಂದರೆ ಎಂದರು. ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಎನ್ನುವ ಹಾಗೆ ಹೇಳಿದರು. ನಾನು ಹದಿನಾರು ಮನೆಗಳ ಬಾಗಿಲು ಬಡಿಯಬಹುದಿತ್ತು. ಗಣಪತಿ ಕೂರಿಸಿದ ಮಂಟಪದಲ್ಲಿ ಎಲ್ಲರೂ ಸೇರಿದ್ದಾಗ ಎದ್ದು ನಿಂತು ಹೇಳಬಹುದಿತ್ತು. ಮೆಟ್ಟಿಲಿಳಿದು ಬಂದುಬಿಟ್ಟೆ. ನೀಲವ್ವ ಬರಲಿಲ್ಲ. ನಾನು ಮಾರ್ಕೆಟ್ ಯಾರ್ಡಿನ ಆ ಬದಿಗೆ ಮತ್ತೆ ಹೋಗಲಿಲ್ಲ.

ಪೈಪು ಡಬ್ಬಿಗೆ ಸೇರಿದ ಮೇಲೆ ಅದು ನಿಜವಾದ ಕೆಲಸ ಶುರುಮಾಡಿತು. ವಾರಕ್ಕೆರಡು ಸಲ ಮುಚ್ಚಳ ತೆಗೆದರೆ ನಾಲ್ಕು ಬೆರಳು ದಪ್ಪದ ಹಳದಿ ಜಿಡ್ಡು, ಮತ್ತು ಉಸಿರು ಕಟ್ಟುವ ವಾಸನೆ. ಯಾರನ್ನಾದರೂ ಕರೆದು ತೆಗೆಸು ಎಂದ ಅಣ್ಣ. ಬೇಡ ಎಂದೆ. ಖಾನಾವಳಿ ಬಿಡುವವರೆಗೆ ಅದನ್ನು ನಾನೇ ಬಳಿದೆ. ಸ್ನಾನ ಮಾಡಿದರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಹೋಗದಿದ್ದದ್ದೇ ಸರಿ ಅನಿಸುತ್ತಿತ್ತು.

"ಆಂಟಿ, ಏನಾಯ್ತು?" ಎಂದ ನಿಖಿಲ್. ನಾನು ಇನ್ನೂ ಆ ತಿಳಿನೀರನ್ನೇ ನೋಡುತ್ತ ಕೂತಿದ್ದೆ.

"ಇದರಾಗ ಎಣ್ಣಿ ಎಲ್ಲದನಪ್ಪಾ?"

ಅವನು ನಕ್ಕ. "ಎಣ್ಣೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ಆಂಟಿ?"

ನನ್ನದೇ ನಗು, ನನ್ನದೇ ಮಾತು. ಎದ್ದು ನಿಂತೆ. ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದ ಹೆಂಗಸು, ಮಾದೇವಿ ಅಂತೆ ಹೆಸರು, ಕೈ ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದಳು. ಹಿಟ್ಟಿನ ನೀರು ಎಲ್ಲಿ ಚೆಲ್ಲುತ್ತೀ ಎಂದು ಅವಳನ್ನು ಕೇಳಿದೆ. ಚೆಲ್ಲಲ್ಲರಿ, ಎಮ್ಮಿಗಿ ಒಯ್ತೀನಿ ಎಂದು ಮೂಲೆಯ ಬಕೆಟ್ಟು ತೋರಿಸಿದಳು. ಹೋಗಿ ಅದರೊಳಗೆ ನೋಡಿದೆ. ಅರ್ಧ ತುಂಬಿತ್ತು.

"ನಿಖಿಲ್, ನಿನ್ನ ಡಬ್ಬಿಗೆ ಮೋರಿ ನೀರು ಬರಾಕತ್ತಿಲ್ಲ. ನಾಳೆ ನೆಲ ಒಡಿಸಿ ನೋಡು. ಒಡಿಸದಿದ್ರ ಮಳಿಗಾಲದಾಗ ಪೈಪು ಕಟ್ಟತದ. ಅವತ್ತ ಹಿಟ್ಟಿನಿಂದ ಕಟ್ಟೇದ ಅಂತ ಈಕಿ ಹೆಸರು ಹೇಳಬ್ಯಾಡ. ಈಕಿ ಬಕೆಟ್ ನಾ ನೋಡೀನಿ. ಯಾರ ಮುಂದ ಬೇಕಾದ್ರೂ ಬಂದು ಹೇಳ್ತೀನಿ."

ಬಾಗಿಲ ಬಳಿ ಕಟ್ಟಡದ ಮಾಲೀಕರು ಚಹಾದ ಕಪ್ಪು ಕೆಳಗಿಟ್ಟು, "ಕಾಯ್ ಮ್ಹಣತಾತ್ ತ್ಯಾ?" ಎಂದು ನಿಖಿಲನನ್ನು ಕೇಳಿದರು. ಅವನು ಉತ್ತರಿಸುವ ಮೊದಲೇ ನಾನು ಅವರ ಕಡೆ ತಿರುಗಿ, ಅದೇ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ, ಮರಾಠಿಯಲ್ಲಿ ಹೇಳಿದೆ.